ಭಾವನ ಬೆನ್ನಿನ ಫೈಲು

ನಮ್ಮ ಭಾವನಿಗೆ ಬೆನ್ನುನೋವು ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆನ್ನುನೋವು ನಿಮಗೆ, ನನಗೆ ಬರುವಂಥದ್ದು. ಅಯ್ಯೋ ಅನ್ನುತ್ತೇವೆ, ಮುಲಾಮು ಹಚ್ಚಿಕೊಳ್ಳುತ್ತೇವೆ, ಗೋಡೆ ಕಡೆ ಮುಖ ಮಾಡಿ ಮಲಗುತ್ತೇವೆ. ಭಾವನಿಗೆ ಇದ್ದದ್ದು ಬೆನ್ನುನೋವಿನ ರೆಕಾರ್ಡು! ನೋವು ಅದಕ್ಕೊಂದು ಅನುಬಂಧ, ಅಷ್ಟೆ.

ಭಾವ ಅಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇನ್‌ಸ್ಪೆಕ್ಷನ್ ಕೆಲಸ. ತಯಾರಾದ ಮಾಲನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಚಾಕ್‌ಪೀಸಿನ ಗೀಟು, ತಿದ್ದಬಹುದಾದರೆ ಹಳದಿ, ಕೆಟ್ಟಿದ್ದರೆ ಕೆಂಪು. ರಿಟೈರ್ ಆದ ದಿನ ಹಾರ ಹಾಕಿ ಕಳಿಸಿದವರು ಚಾಕ್‌ಪೀಸನ್ನು ವಾಪಸ್ ಇಸಿದುಕೊಳ್ಳುವುದನ್ನು ಮರೆತರು. ಆಮೇಲೆ ಆ ಮನೆಯಲ್ಲಿ ಗೀಟಿಲ್ಲದ ವಸ್ತುವೇ ಉಳಿಯಲಿಲ್ಲ. ಕುಕ್ಕರಿನ ಮುಚ್ಚಳಕ್ಕೆ ಹಸಿರು, ಅಲುಗಾಡುವ ಕುರ್ಚಿಗೆ ಹಳದಿ. ಒಮ್ಮೆ ಹೊಸ ಹ್ಯಾಂಡ್‌ಬ್ಯಾಗ್ ಹಿಡಿದು ಅವರ ಮನೆಗೆ ಹೋದೆ. ಶಿವಮೊಗ್ಗಕ್ಕೆ ವಾಪಸ್ ಬಂದು ನೋಡುತ್ತೇನೆ, ಅದರ ತಳದಲ್ಲಿ ಕೆಂಪು ಗೀಟು! ಜಿಪ್ ಸರಿಯಿಲ್ಲವಂತೆ. ವಾರದೊಳಗೆ ಜಿಪ್ ಕಿತ್ತು ಕೈಗೆ ಬಂತು ಅನ್ನುವುದು ಬೇರೆ ಮಾತು.

ಅಕ್ಕನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಂದಿನ ಪೋಲಿಯೋದಿಂದ ಅವಳ ಎಡಗಾಲಿಗೆ ಬಲವಿಲ್ಲ. ಎರಡು ಸರಳು, ಚರ್ಮದ ಪಟ್ಟಿ, ತುದಿಗೆ ಬೂಟು ಇರುವ ಕ್ಯಾಲಿಪರ್ ಹಾಕಿಕೊಂಡೇ ಓಡಾಟ. ಕಾನ್ವೆಂಟಿನ ಕಾರಿಡಾರಿನಲ್ಲಿ ಅವಳ ಬೂಟಿನ ಸದ್ದು ಕೇಳಿದರೆ ನಮ್ಮ ಸಿಸ್ಟರು “ಹಿಯರ್ ಕಮ್ಸ್ ದಿ ಇನ್‌ಸ್ಪೆಕ್ಟರ್!” ಅನ್ನುತ್ತಿದ್ದರು. ಕೊನೆಗೆ ಇನ್‌ಸ್ಪೆಕ್ಟರನ್ನೇ ಮದುವೆಯಾದಳು! ಮೇಲಿನ ಪಟ್ಟಿಗಳನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಐವತ್ತು ದಾಟಿ ಸೊಂಟ ಬಿಗಿದ ಮೇಲೆ ಬೂಟಿನ ಬಕಲ್ ಮಾತ್ರ ಕೈಗೆ ಎಟುಕುತ್ತಿರಲಿಲ್ಲ. ಅದನ್ನು ದಿನಾ ಬೆಳಿಗ್ಗೆ ಭಾವ ಬಗ್ಗಿ ಹಾಕುತ್ತಿದ್ದರು. ಮಂಡಿಯೂರೋಣವೆಂದರೆ ಮಂಡಿಯೂ ಹಳದಿ ಗೀಟಿನ ಮಾಲೇ.

ಹೀಗಿರುವಾಗ ಒಂದು ದಿನ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಭಾವ ಅರ್ಧಕ್ಕೇ ನಿಂತುಬಿಟ್ಟರು. ಮೇಲೂ ಇಲ್ಲ, ಕೆಳಗೂ ಇಲ್ಲ. ಹತ್ತು ದಿನ ಹಾಸಿಗೆ. ಆ ಹತ್ತು ದಿನ ನಾನೇ ಹೋಗಿ ಉಳಿದು ಅಕ್ಕನ ಬಕಲ್ ಹಾಕಿದೆ. ಅಕ್ಕ ದೂರಲಿಲ್ಲ, ಮೂರನೆಯ ದಿನ ಮೆಲ್ಲಗೆ ಹೇಳಿದಳು, “ನೀನು ಬಿಗಿ ಮಾಡ್ತೀಯ ಕಣೇ. ಎಷ್ಟು ಬಿಗಿ ಬೇಕೂಂತ ಅವರಿಗೆ ಗೊತ್ತು.”

ಆಗಷ್ಟೆ ನಮ್ಮ ವಿನೋಬನಗರದಲ್ಲಿ, ನನ್ನ ಮನೆಗೆ ಎರಡು ರಸ್ತೆ ಆಚೆ, ಒಬ್ಬ ಕೈರೋಪ್ರಾಕ್ಟಿಕ್ ಡಾಕ್ಟರು ಕ್ಲಿನಿಕ್ ತೆರೆದಿದ್ದರು. ಹೊರದೇಶದಲ್ಲಿ ಕಲಿತು ಬಂದ ಚಿಕ್ಕ ವಯಸ್ಸಿನವರು. ಮಾತ್ರೆಯಿಲ್ಲ, ಸೂಜಿಯಿಲ್ಲ, ಬರಿಗೈಯಲ್ಲಿ ಬೆನ್ನುಮೂಳೆಯನ್ನು ಒತ್ತಿ ಸರಿಮಾಡುವ ವಿದ್ಯೆ. ಭಾವನನ್ನು ಕರೆದುಕೊಂಡು ಹೋದೆ. ಅವರು ಬೋರಲು ಮಲಗಿಸಿ ಒತ್ತಿದಾಗ ‘ಟಕ್’ ಅಂತು.

ಮಲಗಿದಲ್ಲಿಂದಲೇ ಭಾವ ಕೇಳಿದರು, “ಡಾಕ್ಟ್ರೇ, ಈ ಟಕ್ ಅನ್ನೋದು ಡಿಫೆಕ್ಟೋ, ರಿಪೇರಿಯೋ?”

“ಎರಡೂ ಅಲ್ಲ ಸಾರ್. ಬರೀ ಶಬ್ದ.”

“ಮತ್ತೆ ಕೆಲ್ಸ ಆಗಿದೆ ಅನ್ನೋಕೆ ಪ್ರೂಫ್ ಏನು?”

“ನೀವು ಎಷ್ಟು ಬಗ್ಗುತ್ತೀರೋ ಅದೇ ಪ್ರೂಫ್.”

ಇಂಥ ಮಾತನ್ನು ಇಂಥ ಮನುಷ್ಯನ ಮುಂದೆ ಆಡಬಹುದೇ? ಮರುದಿನದಿಂದ ಭದ್ರಾವತಿಯ ಮನೆಯ ಹಾಲ್‌ನ ಗೋಡೆ ಗ್ರಾಫ್ ಪೇಪರ್ ಆಯಿತು! ಬೆಳಿಗ್ಗೆ ಎದ್ದು ಗೋಡೆ ಪಕ್ಕ ನಿಂತು, ಮಂಡಿ ಮಡಿಸದೆ ಬಗ್ಗಿ, ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ಚಾಕ್‌ಪೀಸಿನ ಗೀಟು, ಪಕ್ಕದಲ್ಲಿ ತಾರೀಖು. ಮಕ್ಕಳು ಬೆಳೆದ ಹಾಗೆ ಗೋಡೆಯ ಮೇಲೆ ಗುರುತು ಹಾಕುತ್ತಾರಲ್ಲ, ಹಾಗೆ; ಆದರೆ ಇಲ್ಲಿ ಕೆಳಗಿಳಿದಷ್ಟೂ ಸಂಭ್ರಮ. ನೆಲದಿಂದ ನಾಲ್ಕು ಇಂಚಿಗೆ ಮಾತ್ರ ಒಂದು ಗೆರೆ, ಚಾಕ್‌ಪೀಸಿನದಲ್ಲ, ಕೆಂಪು ಆಯಿಲ್ ಪೇಂಟಿನದು.

“ಹೋದ ವರ್ಷ ಪೇಂಟ್ ಮಾಡ್ಸಿದ ಗೋಡೆರೀ ಅದು!” ಅಕ್ಕ ಕುರ್ಚಿಯಿಂದ ಕೂಗಿದಳು.

“ಗೋಡೆ ಹೋದ್ರೆ ಇನ್ನೊಂದು ಕಟ್ಟಬಹುದು. ಡೇಟಾ ಹೋದ್ರೆ?”

“ನಿಮ್ಮ ಡೇಟಾನೇ ಗೋಡೆ ಮೇಲಿದೆಯಲ್ಲ ಮಹಾರಾಯ್ರೇ!”

ಎರಡು ತಿಂಗಳಲ್ಲಿ ಗೀಟುಗಳು ಇಳಿಯುತ್ತ ಇಳಿಯುತ್ತ ಕೆಂಪು ಗೆರೆಯ ಹತ್ತಿರ ಬಂದು ನಿಂತವು. ಆಗ ಡಾಕ್ಟರು ಒಂದು ವಿಚಿತ್ರ ಮಾತು ಹೇಳಿದರು. “ಆಗಬೇಕಾದ ಇಂಪ್ರೂವ್‌ಮೆಂಟ್ ಆಗಿದೆ ಸಾರ್. ವರ್ಷಗಟ್ಟಲೆ ಬರ್ತಾ ಇರಿ ಅನ್ನೋಕೆ ನನ್ನ ಹತ್ರ ಗಟ್ಟಿ ಆಧಾರ ಇಲ್ಲ. ವ್ಯಾಯಾಮ ಮಾಡ್ಕೊಂಡಿರಿ, ಸಾಕು.” ಬಂದ ಪೇಷೆಂಟನ್ನು ಸಾಕು ಹೋಗಿ ಅನ್ನುವ ಡಾಕ್ಟರನ್ನು ನೀವು ಕಂಡಿದ್ದೀರಾ? ಭಾವನೂ ಕಂಡಿರಲಿಲ್ಲ. “ಆಧಾರ ತಾನೇ? ಕೊಡ್ತೀನಿ,” ಅಂದರು.

ದಾರಿಯಲ್ಲಿ ನನಗೆ ಪಾಠ. “ಕ್ರೇನ್‌ಗೆ ಗ್ರೀಸ್ ಹಾಕೋದು ಅದು ಉದ್ಧಾರ ಆಗ್ಲಿ ಅಂತಲ್ಲ ಮಾರಾಯ್ತಿ, ನಿಲ್ದೇ ಇರ್ಲಿ ಅಂತ. ಆರು ವಾರ ಟ್ರೀಟ್‌ಮೆಂಟ್ ನಿಲ್ಸಿ ನೋಡ್ತೀನಿ. ಗೋಡೆ ಹೇಳುತ್ತೆ.”

ಈ ಪ್ರಯೋಗದಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಓಡಾಡಿದರೆ ರಸ್ತೆಯ ಹಂಪ್‌ಗಳನ್ನು ಎಣಿಸಿ ಬರೆದುಕೊಳ್ಳುವುದು. ಒಮ್ಮೆ ಡ್ರೈವರನಿಗೇ ಹೇಳಿದರು, “ಸ್ವಲ್ಪ ಒಂದೇ ಸ್ಪೀಡಲ್ಲಿ ಹೋಗಪ್ಪ, ನನ್ನ ರೀಡಿಂಗ್ ಏರುಪೇರಾಗುತ್ತೆ.” ಆತ ತಿರುಗಿಯೂ ನೋಡದೆ, “ಮುಂದೆ ಎಮ್ಮೆ ಬರ್ತಾ ಇದೆ ಸಾರ್. ಅದಕ್ಕೂ ಒಂದು ಮಾತು ಹೇಳಿಬಿಡಿ!” ಅಂದ. ಭಾವ ಎಮ್ಮೆಯನ್ನೂ ಬರೆದುಕೊಂಡರು.

ಮೂರನೆಯ ವಾರದ ಭಾನುವಾರ. ಅಕ್ಕನಿಗೆ ಸಕ್ರೆಬೈಲಿನ ಬಿಡಾರದ ಆನೆ ತೋರಿಸಬೇಕೆಂದು ಬಾಡಿಗೆ ಕಾರು ಮಾಡಿಕೊಂಡು ಬೆಳಿಗ್ಗೆಯೇ ಭದ್ರಾವತಿಗೆ ಹೋದೆ. ಬಾಗಿಲಲ್ಲೇ ಭಾವ ಅಡ್ಡ ನಿಂತರು. “ಇವತ್ತು ಬೇಡ. ಆನೆ ಎಲ್ಲಿಗೂ ಹೋಗಲ್ಲ.” ಒಳಗೆ ಅಕ್ಕ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಕೂತಿದ್ದಾಳೆ, ಕ್ಯಾಲಿಪರ್ ಮಂಚದ ಕಾಲಿಗೆ ಒರಗಿದೆ. “ಹೋಗ್ಲಿ ಬಿಡೇ,” ಅಂದಳು. ಗೋಡೆಯ ಮೇಲೆ ಆ ದಿನದ ಗೀಟು ಏಳು ಇಂಚಿನಲ್ಲಿತ್ತು. ನನಗೆ ಮೈಯೆಲ್ಲ ಉರಿಯಿತು. ವಾಟ್ ನಾನ್‌ಸೆನ್ಸ್! ಗೋಡೆಯ ಗೀಟಿಗೂ ಆನೆಗೂ ಏನು ಸಂಬಂಧ? ಕಾಫಿಯನ್ನೂ ಕುಡಿಯದೆ ಹೊರಟುಬಂದೆ. ನಾನೇ ಬಕಲ್ ಹಾಕುತ್ತೇನೆಂದು ಹೇಳಲು ಕೂಡ ತೋಚದಷ್ಟು ಸಿಟ್ಟು. ಆ ಸಿಟ್ಟು ಈಗಲೂ ನನ್ನನ್ನು ಚುಚ್ಚುತ್ತದೆ.

ಮರುದಿನ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ ಭಾವ ಕ್ಲಿನಿಕ್ಕಿಗೆ ಬಂದರು. ಎರಡು ವಾರದಲ್ಲಿ ಗೀಟು ಮತ್ತೆ ಇಳಿಯಿತು. ಆಮೇಲೆ ನಲವತ್ತು ಪುಟದ ರಿಪೋರ್ಟು! ಇಂಗ್ಲಿಷಿಗೆ ಮಾಡಿ ಬರೆದವಳು ನಾನು. ಸಿಸ್ಟರುಗಳು ಬೆರಳಿಗೆ ಹೊಡೆದು ಕಲಿಸಿದ ಕರ್ಸಿವ್ ಅಕ್ಷರ ಅರವತ್ತರ ಹತ್ತಿರ ಬಂದಾಗ ಉಪಯೋಗಕ್ಕೆ ಬಂತು. ವಿಷಯ: ಒಂದು ಬೆನ್ನಿನ ದೀರ್ಘಕಾಲದ ಆರೈಕೆ. ಅನುಬಂಧ ಮೂರು: ರಸ್ತೆಯ ಹಂಪ್‌ಗಳು ಮತ್ತು ಎಮ್ಮೆ. ಜೊತೆಗೆ ಗೋಡೆಯನ್ನು ಹಾಗೇ ಟ್ರೇಸಿಂಗ್ ಪೇಪರಿಗೆ ಇಳಿಸಿದ ಮಾರುದ್ದದ ಸುರುಳಿ.

ಡಾಕ್ಟರು ಪೂರ್ತಿ ಓದಿದರು. ಪಾಪ, ನಗಲಿಲ್ಲ. “ಸಾರ್, ಇದು ಒಬ್ಬರ ಬೆನ್ನು. ಇದರಿಂದ ಎಲ್ಲರಿಗೂ ಪ್ರೂವ್ ಆಗಲ್ಲ.”

“ನಾನು ಎಲ್ಲರ ಬೆನ್ನು ತಂದಿಲ್ಲವಲ್ಲ ಡಾಕ್ಟ್ರೇ!”

“ಅದೂ ಸರೀನೇ. ಆದ್ರೆ ಮೊದಲ ದಿನ ನಾನು ತುಂಬೋಕೆ ಕೊಟ್ಟ ಫಾರ್ಮಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೀರ. ಯಾವ ಕೆಲ್ಸ ಮಾಡೋಕೆ ಆಗ್ಬೇಕು ಅಂತ. ಎಲ್ರೂ ನೆಲ ಮುಟ್ಬೇಕು ಅಂತಾರೆ. ನೀವು ನಾಲ್ಕು ಇಂಚಿಗೆ ಗೆರೆ ಎಳೆದಿದ್ದೀರ. ನಾಲ್ಕು ಇಂಚಲ್ಲಿ ಏನಿದೆ?”

ಭಾವ ನನ್ನ ಕಡೆ ನೋಡಿದರು. “ನೀನು ಸ್ವಲ್ಪ ಹೊರಗೆ ಕೂತ್ಕೋ.” ನಾನು ಏಳಲಿಲ್ಲ. ಅವರು ಸುರುಳಿಯನ್ನು ಬಿಚ್ಚಿದರು, ಸುತ್ತಿದರು.

“ಬಕಲ್,” ಅಂದರು. “ನನ್ನ ಹೆಂಡ್ತಿ ಬೂಟಿಂದು. ಏಳು ಇಂಚು ಬಂದ ದಿನ ಕೈ ಎಟುಕ್ಲಿಲ್ಲ. ಅವಳು ಸೀರೆ ಉಟ್ಕೊಂಡು ಕೂತಿದ್ಲು.”

ಡಾಕ್ಟರು ಫಾರ್ಮನ್ನು ಹತ್ತಿರ ಎಳೆದುಕೊಂಡು, “ಅವರ ಕಾಲನ್ನ ಒಂದು ಸ್ಟೂಲ್ ಮೇಲೆ ಇಟ್ಕೊಂಡು ಹಾಕಬಹುದಲ್ಲ ಸಾರ್?” ಅಂದರು.

“ಹಾಕಬಹುದು. ಆದ್ರೆ ಸ್ಟೂಲ್ ತಂದ್ರೆ ಅವಳಿಗೆ ಗೊತ್ತಾಗುತ್ತಲ್ಲ ಡಾಕ್ಟ್ರೇ. ನನಗೆ ಕಷ್ಟ ಆಗ್ತಿದೆ ಅಂತ ಗೊತ್ತಾದ್ರೆ ನಾಳೆಯಿಂದ ಮಂಚ ಬಿಟ್ಟು ಇಳಿಯಲ್ಲ ಅವಳು.”

ಡಾಕ್ಟರು ಪೆನ್ನು ತೆಗೆದು ಖಾಲಿ ಕಾಲಂ ತುಂಬಿದರು. ಸೊಂಟ ನೋಯದ ಹಾಗೆ ಬಗ್ಗುವ ರೀತಿಯನ್ನು ಕಲಿಸಿದರು. ತಿಂಗಳಿಗೊಮ್ಮೆ ಬರಬಹುದು, ಪ್ರತಿ ಸಲವೂ ಗೋಡೆಯ ಲೆಕ್ಕ ತೋರಿಸಬೇಕು ಅಂದರು. ಭಾವ ಸುರುಳಿಯ ಮೇಲೆ ಹಳದಿ ಗೀಟು ಎಳೆದರು.

ಮುಂದಿನ ಭಾನುವಾರ ಮತ್ತೆ ಕಾರು ಮಾಡಿಕೊಂಡು ಹೋದೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ಎದುರಿಗೆ ಆ ಗೋಡೆ. ಎಡಗಾಲಿನ ಬೂಟಿನ ಕೆಳಗೆ ಊಟದ ಮಣೆ! “ಇದ್ಯಾಕೇ?” ಅಂದೆ. “ನೆಲ ತಣ್ಣಗಿರುತ್ತೆ ಕಣೇ, ಕಾಲು ಸೆಳೆಯುತ್ತೆ,” ಅಂದಳು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ. ಏಪ್ರಿಲ್ ತಿಂಗಳು, ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ದಿನವಿಡೀ ಗೋಡೆಗೆ ಎದುರಾಗಿ ಕೂತವಳಿಗೆ ಗೀಟು ಓದಲು ಬರುವುದಿಲ್ಲವೆಂದು ನಾವಿಬ್ಬರೂ ಯಾಕೆ ಅಂದುಕೊಂಡೆವೋ!

ಭಾವ ಮಣೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಬಗ್ಗಿ ಬಕಲ್ ಹಾಕಿದರು. ಏಳುವ ಮುಂಚೆ ಜೇಬಿನಿಂದ ಚಾಕ್‌ಪೀಸು ತೆಗೆದು ಮಣೆಯ ಬದಿಗೆ ಒಂದು ಹಸಿರು ಗೀಟು ಎಳೆದರು.

“ನಡೀರೇ, ಆನೆ ಕಾಯ್ತಿರುತ್ತೆ,” ಅಂದರು.

ಈಗ ಇಬ್ಬರೂ ಇಲ್ಲ. ಫೈಲೂ ಮಣೆಯೂ ನನ್ನ ಹತ್ತಿರ ಇವೆ. ಆಮೇಲಿನ ವರ್ಷಗಳ ಪುಟಗಳನ್ನು ಒಂದೂ ಬಿಡದೆ ಹುಡುಕಿದ್ದೇನೆ. ಹಂಪ್ ಇದೆ, ಎಮ್ಮೆ ಇದೆ, ಮಳೆ ಬಂದ ದಿನ ಇದೆ; ಮಣೆ ಎಲ್ಲೂ ಇಲ್ಲ. ಗೋಡೆಯ ಗೆರೆ ಮಾತ್ರ ಕೊನೆಯ ತನಕ ನಾಲ್ಕೇ ಇಂಚು. ಮಣೆ ಒರೆಸುವ ಕೆಲಸದವಳಿಗೆ ನಾನು ದಿನಾ ಹೇಳುತ್ತೇನೆ, ಆ ಬದಿ ಒಂದು ಬಿಟ್ಟು ಒರೆಸು ಮಾರಾಯ್ತಿ.