ಚಾವಣಿ ಕುಡಿದ ಮೂಳೆ ಕಷಾಯ

"ದೀಪಾವಳಿಯೊಳಗೆ ನನ್ನ ಮೂಳೆಗಳನ್ನ ಉಕ್ಕು ಮಾಡಿ ತೋರಿಸ್ದೇ ಇದ್ರೆ ನನ್ನ ಹೆಸರು ರಘುನಂದನನೇ ಅಲ್ಲ!"

ಅಮೆರಿಕದ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನ ಮನೆಯ ಅಡುಗೆಮನೆಯಲ್ಲಿ, ಅರ್ಧ ಕಚ್ಚಿದ ಕೋಡುಬಳೆಯನ್ನು ಗದೆಯಂತೆ ಎತ್ತಿ ಹಿಡಿದು ರಘುನಂದನರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ತುಂಗಾ ತಲೆ ಎತ್ತಲಿಲ್ಲ. "ಮೊದ್ಲು ಕೂತ್ಕೊಂಡು ತಿನ್ನಿ, ಚೂರೆಲ್ಲ ನೆಲಕ್ಕೆ ಬೀಳ್ತಿದೆ" ಎಂದರು.

ಸಂಗತಿ ಇಷ್ಟೇ. ಐವತ್ತೆಂಟನೆಯ ವಯಸ್ಸಿನಲ್ಲಿ ಮಾಡಿಸಿದ ಸ್ಕ್ಯಾನ್‌ನಲ್ಲಿ ರಘುನಂದನರ ಮೂಳೆಗಳು ಸವೆಯುತ್ತಿವೆ ಎಂದು ಬಂದಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ನಡೆಯಿರಿ ಎಂದಿದ್ದರು. ಅದರಲ್ಲಿ ಅಳುವಂಥದ್ದೇನೂ ಇರಲಿಲ್ಲ. ಅಳು ಬಂದದ್ದು ಕಂಸಾಳೆಯ ವಿಷಯಕ್ಕೆ! ನವೆಂಬರಿನಲ್ಲಿ ಹ್ಯೂಸ್ಟನ್ನಿನ ರಾಜ್ಯೋತ್ಸವಕ್ಕೆ ಡಲ್ಲಾಸಿನ ಕಂಸಾಳೆ ತಂಡ ಹೋಗಬೇಕು. ಅದರ ಮುಂದಿನ ಸಾಲಿನಲ್ಲಿ ತಾಳ ಬೀಸುತ್ತ ನೆಗೆಯುವ ಜಾಗ ರಘುನಂದನರದು. ತುಂಗಾ ಮಾತ್ರ ಸ್ಕ್ಯಾನ್ ಬಂದ ದಿನವೇ ತಂಡದ ಗುರು ಪುಟ್ಟಸ್ವಾಮಿಗೆ ಫೋನ್ ಮಾಡಿ, "ಡಾಕ್ಟರ್ ಹೂಂ ಅನ್ನೋವರೆಗೂ ಇವರನ್ನ ಕುಣಿಸ್ಬೇಡಿ" ಎಂದುಬಿಟ್ಟಿದ್ದರು. ಕಂಸಾಳೆಯಿಲ್ಲದ ನವೆಂಬರನ್ನು ನೆನೆದರೆ ರಘುನಂದನರಿಗೆ ಊಟ ಸೇರುತ್ತಿರಲಿಲ್ಲ. ಕೋಡುಬಳೆ ಸೇರುತ್ತಿತ್ತು, ಆ ಮಾತು ಬೇರೆ.

"ಅಷ್ಟು ಆಸೆ ಇದ್ರೆ ಮಾತ್ರೆ ತಗೊಳ್ಳಿ."

"ಇಂಗ್ಲಿಷ್ ಔಷಧಿ ಬೇಡ ಕಣೇ. ಚೀನಾದವರು ಸಾವಿರಾರು ವರ್ಷದಿಂದ ಬೇರು, ತೊಗಟೆ ಕುದಿಸಿ ಕುಡೀತಿದ್ದಾರೆ. ಅಷ್ಟುದ್ದದ ಗೋಡೆ ಕಟ್ಟಿದ್ರು! ಸವೆದ ಮೂಳೆ ಇಟ್ಕೊಂಡು ಕಟ್ಟೋಕಾಗ್ತಿತ್ತಾ?"

"ಗೋಡೆ ಕಟ್ಟಿದವರು ನಡೀತಿದ್ರು. ನೀವು ಬೀದಿ ಕೊನೆಯ ಮೇಲ್‌ಬಾಕ್ಸ್‌ಗೂ ಕಾರಲ್ಲೇ ಹೋಗ್ತೀರಿ."

ಇಂಥ ಮಾತಿಗೆಲ್ಲ ವೀರರು ಜಗ್ಗುವುದಿಲ್ಲ. ಮರುದಿನವೇ ರಘುನಂದನರು ಹತ್ತಿರದ ಚೀನೀ ಮೂಲಿಕೆಯಂಗಡಿಗೆ ಹೋದರು. ಅಂಗಡಿಯಾಕೆ ನಾಡಿ ಹಿಡಿದು, ನಾಲಿಗೆ ನೋಡಿ, ಕೂದಲುಳ್ಳ ಬೇರನ್ನೂ ಮುರಿದರೆ ಬಿಳಿ ಎಳೆ ಏಳುವ ತೊಗಟೆಯನ್ನೂ ಪೊಟ್ಟಣ ಕಟ್ಟಿಕೊಟ್ಟರು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಆಮೇಲೆ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯಿಟ್ಟು, ಎದುರಿಗೇ ನಿಂತು ಕುದಿಸಿ ಎಂದೂ ಹೇಳಿದರು.

ಎದುರಿಗೆ ನಿಲ್ಲುವುದೇ? ಇಡೀ ದಾಂಪತ್ಯದಲ್ಲಿ ರಘುನಂದನರು ಕಲಿತ ಪಾಕವಿದ್ಯೆ ಒಂದೇ: ಕುಕ್ಕರ್ ಮೂರು ವಿಶಲ್ ಕೂಗಿದ ಕೂಡಲೇ ಒಲೆ ಆರಿಸುವುದು. ಬೇಳೆ ಬೇಯಿಸುವ ಕುಕ್ಕರಿಗೆ ಬೇರು ಯಾವ ಲೆಕ್ಕ! ತುಂಗಾ ದೇವಸ್ಥಾನಕ್ಕೆ ಹೋದ ಸಮಯ ನೋಡಿ, ಪೊಟ್ಟಣವನ್ನು ಪೂರ್ತಿ ಕುಕ್ಕರಿಗೆ ಸುರಿದು, ನೀರು ಹಾಕಿ, ಉರಿ ದೊಡ್ಡದು ಮಾಡಿ, ಪಕ್ಕದ ಕೋಣೆಯಲ್ಲಿ ಆಫೀಸಿನ ಮೀಟಿಂಗಿಗೆ ಕೂತರು. ಒಂದು ಕಿವಿ ಮೀಟಿಂಗಿಗೆ, ಒಂದು ಕಿವಿ ವಿಶಲ್‌ಗೆ.

ಒಳಗೆ ತೊಗಟೆಯ ಎಳೆಗಳು ಎದ್ದು, ವಿಶಲ್ ಕೂರುವ ತೂತನ್ನು ಗಟ್ಟಿಯಾಗಿ ಮುಚ್ಚಿಕೊಂಡವು. ಕುಕ್ಕರ್ ಮೌನವ್ರತ ಹಿಡಿಯಿತು.

ಅದೇ ಹೊತ್ತಿಗೆ ರಘುನಂದನರು ಕಿರಿಯ ಎಂಜಿನಿಯರುಗಳಿಗೆ ಧೈರ್ಯ ಹೇಳುತ್ತಿದ್ದರು. "ಸುಮ್ಮನೆ ಗಾಬರಿಯಾಗಬೇಡಿ. ಅಲಾರಂ ಬಂದಿಲ್ಲ ಎಂದರೆ ಸಿಸ್ಟಂ ಚೆನ್ನಾಗಿದೆ ಎಂದೇ ಅರ್ಥ!"

ಢಮಾರ್!

ಸೇಫ್ಟಿ ವಾಲ್ವ್ ಹಾರಿತ್ತು. ಕಂದು ಕಷಾಯ ಕಾರಂಜಿಯಾಗಿ ಚಾವಣಿಗೆ ಚಿಮ್ಮಿತು. ಮೀಟಿಂಗ್ ಬಿಟ್ಟು ಓಡಿಬಂದ ರಘುನಂದನರು ಒಲೆ ಆರಿಸುವಷ್ಟರಲ್ಲಿ, ಹಬೆಗೆ ಹೆದರಿದ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯತೊಡಗಿತು. ಅದನ್ನು ಸುಮ್ಮನಾಗಿಸಲು ಅವರು ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಬೀಸಿದ ಭಂಗಿ ಅಪ್ಪಟ ಕಂಸಾಳೆಯದೇ! ಆದರೆ ಸ್ಟೂಲಿನ ಕಾಲ ಕೆಳಗೆ ಕಷಾಯ ಹರಿದು ನೆಲ ಜಾರುತ್ತಿತ್ತು. ಸ್ಟೂಲ್ ಒಂದು ಕಡೆ, ಟವೆಲ್ ಒಂದು ಕಡೆ, ರಘುನಂದನರು ನೆಲದ ಮೇಲೆ.

ಬಾಗಿಲು ತೆರೆದು ಒಳಬಂದ ತುಂಗಾರ ಕೈಯಿಂದ ಪ್ರಸಾದದ ಡಬ್ಬಿ ಬಿತ್ತು. "ಅಲ್ಲಾಡ್ಬೇಡಿ! ಹಾಗೇ ಇರಿ!" ಎಂದು ಚೀರಿದರು. ಆ ದನಿ ಕೇಳಿ ರಘುನಂದನರಿಗೆ ಕಾಲಿನ ನೋವಿಗಿಂತ ಹೆಚ್ಚು ಸಂಕಟವಾಯಿತು.

ಮೊದಲು ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರ್ ಪ್ರಗತಿ ಧಾರವಾಡದವರು. ಆಸ್ಪತ್ರೆಯಲ್ಲಿ ರಘುನಂದನರ ಕಾಲಿನ ಎಕ್ಸ್-ರೇ ನೋಡಿ ನಕ್ಕರು. "ಎಲುಬು ಮುರದಿಲ್ರಿ. ಬರೇ ಬಾವು ಬಂದದ."

ರಘುನಂದನರ ಎದೆ ಉಬ್ಬಿತು. "ಕೇಳಿಸ್ಕೊಂಡ್ಯಾ ತುಂಗಾ? ಸ್ಟೂಲಿಂದ ಬಿದ್ರೂ ಒಂದು ಮೂಳೆ ಮುರೀಲಿಲ್ಲ! ಚೀನಾ ಕಷಾಯ ಅಂದ್ರೆ ಸುಮ್ನೆನಾ?"

"ರೀ, ನೀವು ಒಂದು ತೊಟ್ಟೂ ಕುಡ್ದಿಲ್ಲ! ಕುಡ್ದಿದ್ದೆಲ್ಲಾ ನಮ್ಮನೆ ಸೀಲಿಂಗು!"

ಡಾಕ್ಟರು ನಗು ತಡೆದುಕೊಂಡು ಹೇಳಿದರು: "ಕುಡಿಯೂದಿದ್ರ ಮೊದ್ಲ ನನಗ ತೋರಸ್ರಿ. ನಿಮ್ಮ ಬಿ.ಪಿ. ಗುಳಿಗಿ ಜೋಡಿ ಕೂಡಿ ಬರ್ತದೋ ಇಲ್ಲೋ ನೋಡಬೇಕು. ಈಗ ಬರದಕೊಟ್ಟ ಗುಳಿಗಿ ತಗೋರಿ, ದಿನಾ ನಡೀರಿ. ಬಾವು ಇಳಿದ ಮ್ಯಾಲೆ ಕಂಸಾಳಿ ಆಡ್ರಿ, ಎಲುಬಿಗೆ ಛಲೋನ ಆಗ್ತದ. ಜಿಗಿಯೂದೊಂದು ಬ್ಯಾಡ." ನಂತರ ತುಂಗಾರ ಕಡೆ ತಿರುಗಿದರು. "ತುಂಗಾ ಅವರ, ನಿಮ್ಮ ಹೊಸಾ ಸ್ಕ್ಯಾನ್ ಹೋದ ಸಲಕ್ಕಿಂತ ಭಾಳ ಸುಧಾರಿಸೇದ್ರಿ!"

"ಯಾವ ಸ್ಕ್ಯಾನು?" ರಘುನಂದನರು ಬೆಚ್ಚಿಬಿದ್ದರು. "ನಿಂಗೇನಾಗಿತ್ತೇ?"

"ನಿಮಗಿಂತ ಜಾಸ್ತಿ ಸವೆದಿತ್ತು. ಎರಡು ವರ್ಷದ ಹಿಂದೆನೇ ಹೇಳಿದ್ದೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಹೂಂ ಹೂಂ, ಮುಂದಿನ ವಾರ ನೋಡೋಣ ಅಂದ್ರಿ."

"ಆಮೇಲೆ ಏನು ಮಾಡ್ದೆ?"

"ಇನ್ನೇನು ಮಾಡೋದು? ಮಾತ್ರೆ ನುಂಗಿದೆ, ನಡೆದೆ."

ದಿನಾ ಬೆಳಿಗ್ಗೆ ಶೂ ಕಟ್ಟಿಕೊಂಡು ಹೊರಡುತ್ತಿದ್ದ ಹೆಂಡತಿ ಪಕ್ಕದ ಬೀದಿಯ ಕುಮುದಾ ಜೊತೆ ಹರಟೆಗೆ ಹೋಗುತ್ತಾಳೆ ಎಂದೇ ರಘುನಂದನರು ನಂಬಿದ್ದರು. ಅವರಿಗೆ ನಾಚಿಕೆಯಾಯಿತು. ಆಸ್ಪತ್ರೆಯ ಮಂಚದ ಮೇಲಿಂದಲೇ ಕೈ ಚಾಚಿ ತುಂಗಾರ ಕೈ ಹಿಡಿದುಕೊಂಡು, "ನಾಳೆಯಿಂದ ನಾನೂ ಬರ್ತೀನಿ ಕಣೇ" ಎಂದರು. "ಬಾವು ಇಳೀಲಿ ಮೊದ್ಲು" ಎಂದರು ತುಂಗಾ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಬಾವು ಇಳಿಯಿತು. ಪುಟ್ಟಸ್ವಾಮಿ ಎರಡನೆಯ ಸಾಲಿನಲ್ಲಿ, ನೆಗೆತವಿಲ್ಲದ ಜಾಗ ಕೊಟ್ಟರು. ಆ ಖುಷಿಯಲ್ಲಿ ರಘುನಂದನರು ಮಾತ್ರೆ ನುಂಗಿ, ಹೊಸ ಶೂ ಹಾಕಿ, "ನಿನ್ನ ಜೊತೆ ನಡೆಯೋದೇನು ಮಹಾ!" ಎನ್ನುತ್ತ ಹೊರಟರು. ಪಾರ್ಕಿನ ಎರಡನೆಯ ತಿರುವು ಬರುವಷ್ಟರಲ್ಲಿ ತುಂಗಾ ಅಷ್ಟು ದೂರ ಹೋಗಿದ್ದರು. ರಘುನಂದನರು ಸೊಂಟ ಹಿಡಿದು ನಿಂತು ಕೂಗಿದರು.

"ತುಂಗಾ! ಸ್ವಲ್ಪ ನಿಧಾನ ಹೋಗೇ!"

ತುಂಗಾ ತಿರುಗಿ ನೋಡಿ, ಅಲ್ಲಿಂದಲೇ ಕೇಳಿದರು: "ಕಷಾಯ ಬೇಕೇನ್ರೀ? ಸೀಲಿಂಗಲ್ಲಿ ಇನ್ನೂ ಸ್ವಲ್ಪ ಇದೆ, ಕೆರೆದು ತರ್ಲಾ?"