ಸೋದರತ್ತೆಯ ಸ್ಟೇಟಸ್ಸು

ನನ್ನ ಸೋದರತ್ತೆಗೆ ಗುಟ್ಟು ಹೇಳುವುದೂ ಒಂದೇ, ವಿಜಯನಗರದ ಮಾರ್ಕೆಟ್ಟಿನಲ್ಲಿ ಡಂಗುರ ಹೊಡೆಸುವುದೂ ಒಂದೇ! ಡಂಗುರವಾದರೂ ನಾಲ್ಕು ಬೀದಿ ದಾಟಿದರೆ ಕೇಳಿಸದು. ಅತ್ತೆಯ ವಾಟ್ಸಾಪಿಗೆ ಅಂಥ ಮರ್ಯಾದೆಯೂ ಇಲ್ಲ.

ಒಮ್ಮೆ ನನ್ನ ಬೆನ್ನಿಗೆ ಕುರು ಎದ್ದಿತ್ತು. "ಸ್ವಲ್ಪ ನೋಡಿ ಅತ್ತೆ" ಎಂದು ಅಂಗಿ ಎತ್ತಿದ್ದೇ ತಪ್ಪು. ಮರುದಿನ ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಮೇಲೆ ಯಾರೋ ಆಂಟಿ ಅಡ್ಡಗಟ್ಟಿ, "ಒಡೀತೇನಪ್ಪಾ? ಅರಿಶಿನ ಹಚ್ಚಿದ್ರಾ?" ಎಂದರು. ಅತ್ತೆಯ ಭಜನಾ ಮಂಡಳಿಗೆಲ್ಲ ನನ್ನ ಬೆನ್ನಿನ ದರ್ಶನವಾಗಿತ್ತು! ಪಕ್ಕದಲ್ಲೇ ನನ್ನ ಪಾಸ್‌ಪೋರ್ಟ್ ಫೋಟೋ ಬೇರೆ.

"ಅದ್ಯಾಕತ್ತೆ?"

"ಯಾರ ಬೆನ್ನು ಅಂತ ಗೊತ್ತಾಗ್ಬೇಡ್ವೇನೋ?"

ಏನು ಹೇಳಲಿ, ನನ್ನ ಹಣೆಬರಹ!

ಆಮೇಲೆ ಬಸವೇಶ್ವರನಗರದಲ್ಲಿ ಹೆಣ್ಣು ನೋಡಿ ಬಂದೆವು. ಎರಡೂ ಕಡೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಹುಡುಗಿಯ ಫೋಟೋ ಸ್ಟೇಟಸ್ಸಿಗೇರಿಸಿ, "ನಮ್ಮನೆ ಸೊಸೆ" ಎಂದು ಬರೆದು ಹತ್ತು ಗುಲಾಬಿ ಸುರಿದಿದ್ದರು. ಅವಳ ತಂದೆ ಫೋನ್ ಮಾಡಿ, "ಹೆಣ್ಮಗಳ ಫೋಟೋ ಕೇಳ್ದೆ ಊರಿಗೆಲ್ಲ ಹಂಚ್ತೀರಾ? ಈ ಸಂಬಂಧ ಬೇಡ ಸಾರ್" ಎಂದು ಇಟ್ಟೇಬಿಟ್ಟರು. ಆ ಹುಡುಗಿ ನನಗೆ ತುಂಬಾ ಹಿಡಿಸಿದ್ದಳು.

"ಪ್ರೈವೆಸಿ ಅಂದ್ರೆ ಗೊತ್ತಾ ನಿಮ್ಗೆ?" ಎಂದು ಕೂಗಾಡಿದೆ. "ಅವರವರ ವಿಷ್ಯ ಅವರವರ ಹತ್ರ ಇರ್ಬೇಕು ಅತ್ತೆ! ಇನ್ಮೇಲೆ ನಂದೇನೂ ಕೇಳ್ಬೇಡಿ, ನಿಮ್ದೇನೂ ಹೇಳ್ಬೇಡಿ!"

"ಆಯ್ತು ಕಣೋ" ಎಂದರು, ಅಷ್ಟೇ. ನಾನು ಅವರ ನಂಬರನ್ನೂ ಬ್ಲಾಕ್ ಮಾಡಿದೆ.

ನಾಲ್ಕು ತಿಂಗಳು ಪರಮಸುಖ! ಮಾರ್ಕೆಟ್ಟಿನಲ್ಲಿ ಯಾರೂ ನನ್ನ ಯೋಗಕ್ಷೇಮ ವಿಚಾರಿಸಲಿಲ್ಲ. ಕೊನೆಗೊಂದು ದಿನ ಅತ್ತೆಯ ಗಂಡ, ನಮ್ಮ ಮಾವ, ಫೋನ್ ಮಾಡಿದರು. "ಆಸ್ಪತ್ರೇಲಿದೀವಿ ಕಣಪ್ಪ. ನಿಮ್ಮತ್ತೆಗೆ ಕ್ಯಾನ್ಸರ್. ಯಾರಿಗೂ ಹೇಳ್ಬೇಡಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು."

ಓಡಿದೆ. ಊರಿಗೆಲ್ಲ ನನ್ನ ಕುರು ತೋರಿಸಿದವರು ತಮ್ಮ ಗಂಟನ್ನು ನಾಲ್ಕು ತಿಂಗಳು ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದರು. ತಡವಾಯಿತು ಎಂದು ಡಾಕ್ಟರು ಆಗಲೇ ಕೈಚೆಲ್ಲಿದ್ದರು.

"ಯಾಕತ್ತೆ ನಂಗೊಂದು ಮಾತು ಹೇಳ್ಲಿಲ್ಲ?"

"ನೀನೇ ಹೇಳ್ಕೊಟ್ಟಿದ್ದಲ್ವೇನೋ? ಅವರವರ ವಿಷ್ಯ ಅವರವರ ಹತ್ರ ಅಂತ."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಪಾಠ ಕಲಿತ ಮಗುವಿನ ಹಾಗೆ ಹೇಳಿದರು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕು ಎನ್ನಿಸಿತು.

ಅವರ ಫೋನನ್ನು ಅವರ ಕೈಗಿಟ್ಟು ಪಕ್ಕದಲ್ಲಿ ಕೂತೆ. "ನಮ್ಮಿಬ್ರದ್ದೂ ಒಂದು ಫೋಟೋ ತೆಗ್ದು ಸ್ಟೇಟಸ್ ಹಾಕಿ ಅತ್ತೆ. ಎಲ್ರಿಗೂ ಹೇಳಿ. ಎಲ್ರೂ ಬರ್ಲಿ."

ಅತ್ತೆ ಫೋನೆತ್ತಿ, ಪರದೆಯಲ್ಲಿ ನನ್ನ ಮುಖ ನೋಡಿ, ಮೆಲ್ಲಗೆ ದಿಂಬಿನ ಪಕ್ಕ ಇಟ್ಟುಬಿಟ್ಟರು.

"ಬೇಡ ಕಣೋ. ನೀನು ಅಳ್ತಿರೋದು ಊರಿಗೆಲ್ಲ ಗೊತ್ತಾಗುತ್ತೆ."