ಮೆಕ್ಯಾನಿಕ್ ಗುರುಬಸವರಾಜನ ಸಿಆರ್‌ಪಿ

ಬೈಕ್ ಮೆಕ್ಯಾನಿಕ್ ಗುರುಬಸವರಾಜನ ಕೆನ್ನೆ ಊದಿ ಜ್ವರ ಬಂದಿತ್ತು. ಕೊಟ್ಟೂರಿನ ಲ್ಯಾಬಿನಿಂದ ರಕ್ತಪರೀಕ್ಷೆಯ ವರದಿ ಮೊಬೈಲಿಗೆ ಬಂದಾಗ ತೆಪ್ಪಗೆ ಜೇಬಿಗಿಳಿಸಿದ್ದರೆ ಹಗರಿಬೊಮ್ಮನಹಳ್ಳಿಯಲ್ಲಿ ಏನೂ ಆಗುತ್ತಿರಲಿಲ್ಲ. ಈ ಪುಣ್ಯಾತ್ಮ ಅದನ್ನು ಪಕ್ಕದ ಜೆರಾಕ್ಸ್ ಅಂಗಡಿಯ ಅರುಣಕುಮಾರನಿಗೆ ತೋರಿಸಿದ. ಊರವರ ಕಾಗದಗಳನ್ನು ನಕಲು ಮಾಡಿ ಮಾಡಿ ತಾನೇ ಅರ್ಧ ಡಾಕ್ಟರು, ಅರ್ಧ ವಕೀಲ ಎಂದುಕೊಂಡವನು ಅವನು.

“ಅಯ್ಯಯ್ಯೋ, ಸಿಆರ್‌ಪಿ ಇಷ್ಟು ಏರೈತಲ್ಲೋ! ಅಂದ್ರ ಮೈಯಾಗ ಉರಿಯೂತ ಐತಿ.” ಅರುಣಕುಮಾರ ಮೊಬೈಲು ಕೆದಕಿದ. “ನೋಡಿಲ್ಲಿ, ಇದು ವರ್ಷಗಟ್ಟಲೆ ಹಿಂಗ ಇದ್ರ ಮುಂದ ಮರೆವಿನ ರೋಗ ಬರೋ ಸಾಧ್ಯತಿ ಹೆಚ್ಚಂತ.”

‘ವರ್ಷಗಟ್ಟಲೆ’, ‘ಸಾಧ್ಯತೆ’ ಎಂಬ ಮಾತುಗಳು ಜೆರಾಕ್ಸ್ ಅಂಗಡಿಯಲ್ಲೇ ಉಳಿದವು. ಮಿಕ್ಕದ್ದು ಬಸ್ ನಿಲ್ದಾಣ ತಲುಪಿತು. ಗುರುಬಸವರಾಜ ತನ್ನ ಅಂಗಡಿಯತ್ತ ತಿರುಗಿ ನೋಡಿದ. ಅಂಗಡಿ ತುಂಬ ಬಿಚ್ಚಿ ಹರವಿದ ಗಾಡಿಗಳು. ಯಾವ ನಟ್ಟು ಯಾವುದರದು ಎಂಬುದು ಅವನ ತಲೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಆ ತಲೆಯೇ ಹೋದರೆ ಹೊಟ್ಟೆಪಾಡಿನ ಗತಿಯೇನು?

ಮೊದಲು ಓಡಿ ಬಂದವನು ಗಿರಾಕಿ ನಾಗಪ್ಪ. “ಗುರಣ್ಣ, ನೀ ಮರಿಯೋದ್ರಾಗ ನನ್ನ ಗಾಡಿ ಒಯ್ತೀನಿ!”

ಹಿಂದೆಯೇ ಹಣ್ಣಿನ ವ್ಯಾಪಾರಿ ಖಾಜಾಸಾಬ್ ಗೋಣಿಚೀಲ ಹಿಡಿದು ಬಂದ. “ನಂದು ಬಿಚ್ಚಿದ್ದು ಬಿಚ್ಚಿದಂಗ ಇದ್ರಾಗ ಹಾಕ್ರಿ.”

ಬಜಿ ಮಾರುವ ಮಾಳಮ್ಮ ಒಂದು ಚಕ್ರವನ್ನು ಮೊಮ್ಮಗುವಿನಂತೆ ಅವುಚಿಕೊಂಡಳು. ಅದು ತನ್ನದೆಂದು ನಾಗಪ್ಪ ಎಳೆದ. ಅಷ್ಟರಲ್ಲಿ ಗುರುಬಸವರಾಜನ ಹೆಂಡತಿ ಪುಷ್ಪಲತಾ ಏದುಸಿರು ಬಿಡುತ್ತ ಬಂದಳು. “ನಾ ಯಾರು ಹೇಳ್ರಿ!”

“ನಿನ್ನ ಮರಿಯೋ ಪುಣ್ಯ ನನಗೆಲ್ಲೈತಿ?” ಎಂದ ಗುರುಬಸವರಾಜ.

ಅವಳು ಆ ರಕ್ತಪರೀಕ್ಷೆ ಬರೆದುಕೊಟ್ಟಿದ್ದ ಊರಿನ ಡಾಕ್ಟರ್ ಶೈಲಾ ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

“ವಸಡಿನಾಗ ಕೀವಾಗೈತಲ್ರಿ, ಅದಕ್ಕ ಏರೈತಿ. ವಾಸಿಯಾದ್ರ ಇಳೀತೈತಿ. ಮರೆವು ಗಿರೆವು ಏನೂ ಇಲ್ಲ” ಎಂದರು ಡಾಕ್ಟರು.

ಗುರುಬಸವರಾಜನಿಗೆ ಹೋದ ಜೀವ ಬಂದಂತಾಯಿತು. ಖಾಜಾಸಾಬ್ ಮಾತ್ರ ಚೀಲ ಮಡಿಸಲಿಲ್ಲ. “ಸಾಮಾನು ನಮ್ದು. ನೆನಪೈತಿ ಅಂತ ತೋರ್ಸು ಮತ್ತ!”

ಗುರುಬಸವರಾಜನ ಕೈ ಮೀಸೆಗೆ ಹೋಯಿತು. ಒಂದೊಂದೇ ಭಾಗ ಎತ್ತಿ, ಮಗ್ಗಿ ಒಪ್ಪಿಸುವ ಹುಡುಗನಂತೆ ಶುರುಮಾಡಿದ. “ಈ ಚೈನು ಮಾಳಮ್ಮಂದು. ಈ ಸೈಲೆನ್ಸರು ಖಾಜಾಸಾಬಂದು.” ಜನ ಚಪ್ಪಾಳೆ ತಟ್ಟಿದರು. ಅವನು ಇನ್ನೂ ಉಬ್ಬಿದ. “ಈ ಕಾರ್ಬೊರೇಟರು ನಾಗಪ್ಪಂದು. ಉಗಾದಿ ಮುಂದ ಖಾಜಾಸಾಬನ ಗಾಡಿದು ಬಿಚ್ಚಿ ಇವಗ ಹಾಕೀನಿ. ಖಾಜಾಸಾಬಗ ಹಾಕಿದ್ದು ಮಾಳಮ್ಮನ ಅಳಿಯಂದು. ಅಳಿಯಗ ಗುಜರಿದು...”

ಚಪ್ಪಾಳೆ ನಿಂತಿತು. ಎಲ್ಲರ ಬಾಯಿ ತೆರೆದಿತ್ತು. ಅವನದೂ ತೆರೆದೇ ಉಳಿಯಿತು.

“ನಂದು ಹೊಸಾದಿತ್ತಲ್ಲಲೇ!” ಖಾಜಾಸಾಬನ ಕೈಯಿಂದ ಚೀಲ ಜಾರಿತು.

ಗುರುಬಸವರಾಜ ಹಣೆ ಹಿಡಿದು ಕುಸಿದು ಕುಳಿತ. ಕಣ್ಣು ತೇಲಿಸುತ್ತ ಕೇಳಿದ, “ನೀವೆಲ್ಲಾ... ಯಾರ್ರಿ? ನಾ ಎಲ್ಲಿ ಅದೀನಿ?”

ಪುಷ್ಪಲತಾಳ ಕೈಯಲ್ಲಿದ್ದ ಫೋನು ಇನ್ನೂ ಕಟ್ಟಾಗಿರಲಿಲ್ಲ.

“ನೆನಪು ಅಗದಿ ಚೊಲೊ ಐತಿ ಅಂತ ನಾನೇ ಬರ್ದು ಕೊಡ್ತೀನಿ” ಎಂದಿತು ಡಾಕ್ಟರ ದನಿ. “ಅಂದಂಗ, ಹೋದ ತಿಂಗಳು ನನ್ನ ಸ್ಕೂಟರಿಗೆ ಹಾಕಿದ್ದು ಯಾರ್ದುರಿ?”